ಹಳೆ ಕಚೇರಿ ಕಟ್ಟಡದಲ್ಲಿ ಆರ್ಟ್ ಗ್ಯಾಲರಿ: ಮೊದಲು ಮಾಳಿಗೆ, ಆಮೇಲೆ ಚಿತ್ರ

ವಿಜಯಪುರದಲ್ಲಿ ಹಳೆ ಕಟ್ಟಡಗಳಿಗೇನೂ ಬರವಿಲ್ಲ. ಚಿತ್ರಪ್ರದರ್ಶನ ಮಾಡ್ತೀವಿ ಅಂದರೆ ಮಾತ್ರ ಜಾಗ ಸಿಗುವುದಿಲ್ಲ. ನಮ್ಮ ಕಲಾವಿದರು ಕಲ್ಯಾಣ ಮಂಟಪ, ಶಾಲೆಯ ಹಾಲು, ಯಾವುದೋ ಭವನದ ವರಾಂಡ ಅಂತ ಅಲೆಯುತ್ತಾರೆ. ಇತ್ತ ಬ್ರಿಟಿಷರ ಕಾಲದ ಕಚೇರಿ, ದವಾಖಾನೆ, ಶಾಲೆ ಕಟ್ಟಡಗಳು ಬಾಗಿಲಿಗೆ ಬೀಗ, ಒಳಗೆ ಮುರಿದ ಬೆಂಚು, ಗೆದ್ದಲು ತಿಂದ ಫೈಲು ಇಟ್ಟುಕೊಂಡು ಸುಮ್ನೆ ನಿಂತಿರುತ್ತವೆ. ಬೆಳಗಾವಿ, ಬಾಗಲಕೋಟೆಯಲ್ಲೂ ಇದೇ ಕತೆ. ಇವೆರಡನ್ನೂ ಕೂಡಿಸಬಹುದಲ್ವಾ ಅಂತ ಕೇಳುವವರಿಗೆ ಈ ಬರಹ. ಕೂಡಿಸಬಹುದು, ಕೂಡಿಸಲೇಬೇಕು. ಆದರೆ ಅಲ್ಲಿ ತೋರಿಸಲಿಕ್ಕೆ ಇರುವ ಮೊದಲ ಕಲಾಕೃತಿ ಆ ಕಟ್ಟಡವೇ ಅನ್ನೋದನ್ನು ಒಪ್ಪಿಕೊಂಡು ಕೆಲಸಕ್ಕೆ ಇಳಿಯಬೇಕು.

ಹಳೆ ಕಟ್ಟಡಕ್ಕೆ ಹೊಸ ಕೆಲಸ ಹಚ್ಚುವುದು ನಮ್ಮೂರಿಗೆ ಹೊಸದಲ್ಲ. ಅಸಾರ್ ಮಹಲನ್ನು ಮುಹಮ್ಮದ್ ಆದಿಲ್‌ಶಾಹ 1646ರ ಸುಮಾರಿಗೆ ನ್ಯಾಯ ಕೇಳುವ ಸಭಾಂಗಣವಾಗಿ ಕಟ್ಟಿಸಿದ. ಆಮೇಲೆ ಅದೇ ಪ್ರವಾದಿಯವರ ಪವಿತ್ರ ಕೇಶ ಇಡುವ ಜಾಗವಾಯಿತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಆದಿಲ್‌ಶಾಹಿ ಮಹಲುಗಳೇ ಕಚೇರಿಗಳಾದವು, ಸಾಹೇಬರ ಮನೆಗಳಾದವು. ಒಂದು ಮಸೀದಿಯೊಳಗೆ ಪ್ರವಾಸಿ ಬಂಗಲೆಯೇ ಇತ್ತು. ವೈಸ್‌ರಾಯ್ ಕರ್ಜನ್ ಬಂದು ನೋಡಿ ಅದನ್ನು ಖಾಲಿ ಮಾಡಿಸಿದ, 1904ರಲ್ಲಿ ಸ್ಮಾರಕ ರಕ್ಷಣೆಗೆ ಕಾಯ್ದೆಯೂ ಬಂತು. ಗೋಳಗುಮ್ಮಟದ ಮುಂದಿನ ನಗಾರಖಾನೆ ಇವತ್ತು ಮ್ಯೂಸಿಯಂ ಆಗಿದೆ, 1982ರಿಂದ ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿದೆ. ಬಳಕೆಯಲ್ಲಿದ್ದ ಕಟ್ಟಡಗಳು ಉಳಿದವು, ನಿಜ. ಬಳಸುವವರ ಕೈಯಲ್ಲೇ ಗೋಡೆ ಒಡೆಸಿಕೊಂಡು, ಬಣ್ಣ ಬಳಿಸಿಕೊಂಡು ಹಾಳಾದವೂ ಇವೆ. ಅದಕ್ಕೇ ನನ್ನದೊಂದೇ ಹಟ. ನಾವು ಏನೇ ಸೇರಿಸಿದರೂ ನಾಳೆ ಬರುವವರು ಗೋಡೆಗೆ ಗಾಯ ಮಾಡದೆ ಅದನ್ನು ಬಿಚ್ಚಿ ತೆಗೆಯುವಂತಿರಬೇಕು.

ಕಟ್ಟಡ ಯಾರದು ಅಂತ ಮೊದಲು ನೋಡಿ

ಸಿಟಿ ಸರ್ವೆ ಕಚೇರಿಯಿಂದ ಉತಾರ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ದಾಖಲೆ, ತೆಗೆಸಿ. ಎಲ್ಲರೂ ಪಾಲಿಕೆಯದು ಅಂತ ಹೇಳುತ್ತಿರುವ ಕಟ್ಟಡ ಲೋಕೋಪಯೋಗಿ ಇಲಾಖೆಯದೋ, ಶಿಕ್ಷಣ ಇಲಾಖೆಯದೋ, ವಕ್ಫ್ ಆಸ್ತಿಯೋ ಆಗಿರಬಹುದು. ಉತಾರ ಕೈಗೆ ಬರುವ ಮುಂಚೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಆಮೇಲೆ ಅದು ಸಂರಕ್ಷಿತ ಸ್ಮಾರಕವೋ ಅಂತ ನೋಡಿ. ಕೇಂದ್ರದ ಪಟ್ಟಿಯಲ್ಲಿದ್ದರೆ 1958ರ ಕಾಯ್ದೆ, ರಾಜ್ಯದ ಪಟ್ಟಿಯಲ್ಲಿದ್ದರೆ 1961ರ ಕಾಯ್ದೆ ಅನ್ವಯಿಸುತ್ತದೆ. ಪಟ್ಟಿಯಲ್ಲಿದ್ದರೆ ಅಲ್ಲಿ ಗ್ಯಾಲರಿಯ ಯೋಚನೆ ಬಿಟ್ಟುಬಿಡಿ, ಅದು ಇಲಾಖೆಯ ಕೆಲಸ. ಪಟ್ಟಿಯಲ್ಲಿ ಇಲ್ಲದಿದ್ದರೂ ವಿಜಯಪುರದಲ್ಲಿ ಪಕ್ಕದಲ್ಲೇ ಇನ್ನೊಂದು ಸ್ಮಾರಕ ಇರುವುದೇ ಜಾಸ್ತಿ. 2010ರ ತಿದ್ದುಪಡಿ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅದರೊಳಗೆ ಹಳೆ ಕಟ್ಟಡದ ರಿಪೇರಿಗೂ ಅನುಮತಿ ಬೇಕು. ನಮ್ಮ ಮೂರೂ ಜಿಲ್ಲೆಗಳು ಪುರಾತತ್ವ ಇಲಾಖೆಯ ಧಾರವಾಡ ವೃತ್ತಕ್ಕೆ ಬರುತ್ತವೆ, ಅಲ್ಲಿ ಹೋಗಿ ಮೊದಲೇ ಕೇಳಿಕೊಳ್ಳುವುದು ವಾಸಿ.

ನನ್ನ ಕೇಳಿದರೆ, ಯಾವ ಪಟ್ಟಿಯಲ್ಲೂ ಇಲ್ಲದ, ಯಾರೂ ಪುರಾತನ ಅಂತ ಕರೆಯದ, ನೂರು ನೂರಿಪ್ಪತ್ತು ವರ್ಷದ ಕಲ್ಲು ಕಟ್ಟಡವನ್ನೇ ಆರಿಸಿ. ಸ್ಮಾರಕಗಳನ್ನು ಕಾಯಲು ಕಾಯ್ದೆ ಇದೆ. ಇವುಗಳಿಗೆ ಯಾರೂ ಇಲ್ಲ, ಒಂದು ದಿನ ಜೆಸಿಬಿ ಬಂದು ನಿಂತಾಗಲೇ ಊರಿಗೆ ಗೊತ್ತಾಗುವುದು.

ಏನನ್ನೂ ಮುಟ್ಟುವ ಮುಂಚೆ ಬರೆದಿಡಿ

ಒಳಗೂ ಹೊರಗೂ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಅಳತೆ ಹಿಡಿದು ನಕ್ಷೆ ಮಾಡಿಸಿ. ಹತ್ತಿರದ ಎಂಜಿನಿಯರಿಂಗ್, ಆರ್ಕಿಟೆಕ್ಚರ್ ಕಾಲೇಜಿನ ಹುಡುಗರಿಗೆ ಇದು ಒಳ್ಳೆ ಪಾಠ, ಖುಷಿಯಿಂದ ಬರುತ್ತಾರೆ. ಬಿರುಕುಗಳನ್ನು ಗುರುತು ಹಾಕಿ. ಬಿರುಕಿನ ಅಡ್ಡಕ್ಕೆ ಸಣ್ಣ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದುಬಿಡಿ. ಗಾಜು ಒಡೆದರೆ ಗೋಡೆ ಇನ್ನೂ ಜರುಗುತ್ತಿದೆ ಅಂತ ಅರ್ಥ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದರೂ ಒಡೆಯದಿದ್ದರೆ ಅದು ಹಳೆ ಗಾಯ, ಗಾರೆ ತುಂಬಿದರೆ ಸಾಕು.

ಎರೆ ನೆಲದ ಮೇಲಿನ ಕಟ್ಟಡವಾದರೆ ಈ ಕೆಲಸ ಇನ್ನೂ ಮುಖ್ಯ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ, ಮೇಲಿನ ಗೋಡೆಯೂ ಅದರ ಜತೆ ಏರಿಳಿಯುತ್ತದೆ. ಗ್ಯಾಲರಿ ಅಂದ ಕೂಡಲೇ ಮುಂದೆ ಹುಲ್ಲುಹಾಸು, ಗೋಡೆ ಬುಡಕ್ಕೇ ಹೂವಿನ ಪಾತಿ ಮಾಡಿ ದಿನಾ ನೀರು ಬಿಡುವ ಚಟ ಎಲ್ಲ ಕಡೆ ಇದೆ. ದಯವಿಟ್ಟು ಬೇಡ. ಗೋಡೆ ಬುಡದಿಂದ ಕನಿಷ್ಠ ಮೂರು ಅಡಿ ಅಗಲಕ್ಕೆ, ಹೊರಕ್ಕೆ ಇಳಿಜಾರು ಕೊಟ್ಟು ಪರಸಿಕಲ್ಲು ಹಾಸಿ, ಗಿಡಗಳನ್ನು ಅದರಾಚೆ ಇಡಿ.

ನೀರು ಎಲ್ಲಿಂದ ಬರುತ್ತಿದೆ?

ಕೆಲಸ ಶುರುವಾಗಬೇಕಾದದ್ದು ಮಾಳಿಗೆಯಿಂದ, ಅಂದರೆ ಛಾವಣಿಯಿಂದ. ದೇಣಿಗೆ ಕೊಡುವವರಿಗೆ ಮುಂಬಾಗಿಲು, ಲೈಟು, ಹೆಸರಿನ ಬೋರ್ಡು ಇಷ್ಟ, ಮಾಳಿಗೆ ರಿಪೇರಿಗೆ ಯಾರೂ ಮುಂದೆ ಬರುವುದಿಲ್ಲ. ಆದರೂ ಇರುವ ದುಡ್ಡನ್ನೆಲ್ಲ ಮೊದಲು ಮೇಲಕ್ಕೇ ಹಾಕಿ.

ಹೆಂಚಿನ ಮಾಡಾದರೆ ಕೆಲಸ ಸುಲಭ. ಒಡೆದ ಹೆಂಚು ಬದಲಿಸಿ, ರೀಪು ನೋಡಿ, ಗೆದ್ದಲು ತಿಂದದ್ದನ್ನು ಮಾತ್ರ ತೆಗೆಯಿರಿ. ಬೆಳಗಾವಿ ಕಡೆ ಮಳೆ ಜೋರು, ಅಲ್ಲಿ ಹೆಂಚಿನ ತಿರುವು, ಮಳೆನೀರು ಹರಿಯುವ ದೋಣಿ ಎಲ್ಲ ಮೇ ತಿಂಗಳೊಳಗೆ ಮುಗಿದಿರಬೇಕು. ಗಚ್ಚಿನ ಮಾಳಿಗೆಯಾದರೆ ಎಚ್ಚರ. ಸೋರಿದಾಗೆಲ್ಲ ಮೇಲೊಂದು ಪದರ ಕಾಂಕ್ರೀಟು ಹಾಕುತ್ತ ಬಂದಿರುತ್ತಾರೆ. ಎರಡು ಇಂಚಿನ ಒಂದು ಪದರ ಅಂದರೆ ಪ್ರತಿ ಚದರ ಮೀಟರಿಗೆ ಸುಮಾರು 120 ಕಿಲೋ ಭಾರ, ಅದನ್ನೆಲ್ಲ ಕೆಳಗಿನ ಹಳೆ ತೊಲೆಗಳು ಹೊರಬೇಕು. ಆ ಪದರಗಳನ್ನು ಮಶೀನು ಬಳಸದೆ ಕೈಯಿಂದ ನಿಧಾನಕ್ಕೆ ತೆಗೆಸಿ, ಸುಣ್ಣ ಮತ್ತು ಇಟ್ಟಂಗಿ ಚೂರಿನ ಗಚ್ಚು ಮತ್ತೆ ಬಡಿಸಿ, ನೀರು ನಿಲ್ಲದಂತೆ ಇಳಿಜಾರು ಕೊಡಿ. ಕಬ್ಬಿಣದ ತೊಲೆಗಳ ನಡುವೆ ಸಣ್ಣ ಸಣ್ಣ ಇಟ್ಟಂಗಿ ಕಮಾನು ಇರುವ ಛಾವಣಿಯಲ್ಲಿ ತುಕ್ಕು ನೋಡಿ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಇಟ್ಟಂಗಿಯನ್ನು ಸೀಳುತ್ತದೆ. ಅಂಥದ್ದು ಕಂಡರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡದೆ ಒಳಗೆ ಜನ ಸೇರಿಸಬೇಡಿ.

ಗೋಡೆ ಮೇಲೆ ಅರಳಿ, ಆಲದ ಸಸಿ ಬೆಳೆದಿದ್ದರೆ ಜಗ್ಗಿ ಕೀಳಬೇಡಿ, ಬೇರಿನ ಜತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಕೊಯ್ದ ಜಾಗಕ್ಕೆ ಬೇರು ಸಾಯುವ ಔಷಧಿ ಹಚ್ಚಿ, ಬೇರು ಪೂರಾ ಒಣಗಿದ ಮೇಲೆ ಬಿಡಿಸಿ ಗಾರೆ ತುಂಬಿ.

ಕೆಳಗಿನಿಂದ ಬರುವ ತೇವ ಬೇರೆ. ಗೋಡೆಯ ಬುಡದಲ್ಲಿ ಎರಡು ಮೂರು ಅಡಿವರೆಗೆ ಬಿಳಿ ಬಿಳಿ ಪುಡಿ ಎದ್ದು, ಗಿಲಾವು ಉದುರುತ್ತಿದ್ದರೆ ಅದು ಸವಳು. ನೆಲದ ನೀರು ಉಪ್ಪನ್ನು ಹೊತ್ತುಕೊಂಡು ಗೋಡೆಯೊಳಗೆ ಏರುತ್ತದೆ. ನೀರು ಆರುತ್ತದೆ, ಉಪ್ಪು ಉಳಿದು ಹರಳಾಗಿ ಗಿಲಾವನ್ನು ಒಳಗಿನಿಂದ ಒಡೆಯುತ್ತದೆ. ಇಂಥ ಕಡೆ ಸಾಮಾನ್ಯವಾಗಿ ಸಿಮೆಂಟ್ ಹಚ್ಚಿ ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿಯುತ್ತಾರೆ. ಒಂದು ವರ್ಷ ಚೆನ್ನಾಗಿ ಕಾಣುತ್ತದೆ. ಆಮೇಲೆ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಇನ್ನೂ ಮೇಲಕ್ಕೆ ಏರಿ, ಎರಡು ಅಡಿಯ ರೋಗ ಐದು ಅಡಿಗೆ ಹೋಗುತ್ತದೆ, ಅಂದರೆ ಸರಿಯಾಗಿ ನೀವು ಚಿತ್ರ ತೂಗುಹಾಕುವ ಮಟ್ಟಕ್ಕೆ. ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಕೂರಿಸಿದರೂ ಇದೇ ಆಗುತ್ತದೆ. ನೆಲದಿಂದ ಆರುತ್ತಿದ್ದ ತೇವ ಗೋಡೆಯ ದಾರಿ ಹಿಡಿಯುತ್ತದೆ. ಹಳೆ ಶಹಾಬಾದ ಪರಸಿ ಇದ್ದರೆ ಉಳಿಸಿಕೊಳ್ಳಿ. ಸವೆದ ಪರಸಿಯ ಮೇಲೆ ನಡೆಯುವ ಸುಖವೇ ಬೇರೆ, ಅದನ್ನು ಮುಚ್ಚಲು ಮನಸ್ಸಾದರೂ ಹೇಗೆ ಬರುತ್ತದೋ.

ಸುಣ್ಣದ ಕೆಲಸಕ್ಕೆ ಆತುರ ನಡೆಯುವುದಿಲ್ಲ

ಗಿಲಾವಿನ ಆರೋಗ್ಯ ನೋಡಲು ಬೆರಳ ಗೆಣ್ಣು ಸಾಕು. ಗೋಡೆಗೆ ಕಿವಿ ಹತ್ತಿರ ಇಟ್ಟು, ಅಂಗೈಯಗಲಕ್ಕೆ ಒಂದೊಂದು ಸಲದಂತೆ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಇದ್ದ ಕಡೆ ಸದ್ದು ಬಿಗಿಯಾಗಿ, ಚಿಕ್ಕದಾಗಿ ಬರುತ್ತದೆ. ಗಿಲಾವು ಗೋಡೆ ಬಿಟ್ಟಿದ್ದ ಕಡೆ ಡಬಡಬ ಅನ್ನುತ್ತದೆ. ಡಬಡಬ ಅಂದ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಂದು ಕೋಣೆ ಮುಗಿಯುವ ಹೊತ್ತಿಗೆ ಗೋಡೆ ಮೇಲೆ ನಕ್ಷೆಯೇ ಮೂಡಿರುತ್ತದೆ, ಬಹಳ ಸಲ ತೆಗೆಯಬೇಕಾದದ್ದು ನಾವು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇರುತ್ತದೆ. ಗುತ್ತಿಗೆದಾರ "ಪೂರಾ ಕೆತ್ತಿ ಹೊಸದಾಗಿ ಮಾಡೋಣ್ರಿ ಸರ" ಅಂದರೆ ಈ ನಕ್ಷೆ ತೋರಿಸಿ.

ರಿಪೇರಿಗೆ ಸುಣ್ಣದ ಗಾರೆಯೇ ಬೇಕು. ಹಳೆ ಕಲ್ಲುಗೋಡೆಗೆ ಸಿಮೆಂಟು ಜಾಸ್ತಿ ಗಟ್ಟಿ, ಜಾಸ್ತಿ ಬಿಗಿ. ಕಟ್ಟಡ ಸ್ವಲ್ಪ ಜರುಗಿದರೂ ಸಿಮೆಂಟು ಬಗ್ಗುವುದಿಲ್ಲ, ಬಿರುಕು ಪಕ್ಕದ ಕಲ್ಲಿಗೋ ಇಟ್ಟಂಗಿಗೋ ಹೋಗುತ್ತದೆ. ಸುಣ್ಣದ ಗಾರೆ ಮೆತ್ತಗೆ, ತೇವವನ್ನೂ ಆರಲು ಬಿಡುತ್ತದೆ. ಮೊದಲು ಹಳೆ ಗಾರೆಯ ತುಣುಕೊಂದನ್ನು ಕಾಲೇಜಿನ ಲ್ಯಾಬಿಗೆ ಕೊಡಿ. ದುರ್ಬಲ ಆ್ಯಸಿಡ್‌ನಲ್ಲಿ ಸುಣ್ಣ ಕರಗಿ ಉಸುಕು ಉಳಿಯುತ್ತದೆ, ತೂಕ ಮಾಡಿ ಪ್ರಮಾಣ ಹೇಳುತ್ತಾರೆ. ಸಾಮಾನ್ಯವಾಗಿ ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಉಸುಕು ಮತ್ತು ಇಟ್ಟಂಗಿ ಪುಡಿ.

ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದಾಗ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಯಾರೂ ಹತ್ತಿರ ಹೋಗಬಾರದು. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಂತಿರುವಂತೆ ಕನಿಷ್ಠ ಒಂದು ತಿಂಗಳು ತೊಟ್ಟಿಯಲ್ಲಿ ಬಿಡಿ. ಇದು ಎಷ್ಟು ಹಳೆಯದಾದರೆ ಅಷ್ಟು ನುಣುಪು, ಬೆಣ್ಣೆಯ ಹಾಗೆ ಕರಣೆಗೆ ಅಂಟುತ್ತದೆ. ನಮ್ಮ ಹಿರಿಯ ಗೌಂಡಿಗಳು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಾರೆ. ಅಂಥ ಒಬ್ಬರು ನಿಮ್ಮ ತಾಲ್ಲೂಕಿನಲ್ಲಿ ಉಳಿದಿದ್ದರೆ ಹುಡುಕಿ ಕರೆತನ್ನಿ, ಕೂಲಿ ಜಾಸ್ತಿ ಕೇಳಿದರೂ ಕೊಡಿ, ಜತೆಗೆ ಇಬ್ಬರು ಹುಡುಗರನ್ನು ಕಲಿಯಲು ಬಿಡಿ. ಕಟ್ಟಡಕ್ಕಿಂತ ಈ ಕೈಗಳೇ ಬೇಗ ಕಣ್ಮರೆಯಾಗುತ್ತಿವೆ.

ಹಚ್ಚುವ ಹಿಂದಿನ ದಿನವೇ ಗೋಡೆ ನೆನೆಸಿ. ಒಂದು ಪದರ ಅರ್ಧ ಇಂಚು ದಾಟಬಾರದು. ಮೇಲೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಹತ್ತು ಹದಿನೈದು ದಿನ ಆರದಂತೆ ನೋಡಿಕೊಳ್ಳಿ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ 40 ಡಿಗ್ರಿ ದಾಟಿದಾಗ ಈ ಕೆಲಸ ಮಾಡಿದರೆ ಗಾರೆ ಗಟ್ಟಿಯಾಗುವ ಮುಂಚೆಯೇ ಒಣಗಿ ಪುಡಿಯಾಗುತ್ತದೆ. ದಸರಾ ಆದ ಮೇಲಿಂದ ಸಂಕ್ರಾಂತಿವರೆಗೆ ಒಳ್ಳೆ ಕಾಲ. ಉದ್ಘಾಟನೆಯ ತಾರೀಖನ್ನು ಮಂತ್ರಿಗಳ ಕಾರ್ಯಕ್ರಮ ನೋಡಿ ಗೊತ್ತುಮಾಡಬೇಡಿ, ಗಾರೆ ಯಾವಾಗ ಒಣಗುತ್ತದೆ ಅಂತ ನೋಡಿ ಗೊತ್ತುಮಾಡಿ. ಕೊನೆಗೆ ಬಣ್ಣವೂ ತೆಳ್ಳಗಿನ ಸುಣ್ಣವೇ, ನಾಲ್ಕೈದು ಕೈ. ಪ್ಲಾಸ್ಟಿಕ್ ಪೇಂಟು ಬಳಿದರೆ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ.

ಬಣ್ಣ ಕೆರೆಯುವಾಗ ಇನ್ನೊಂದು ಮಾತು. ಮೂಲೆಯಲ್ಲಿ, ಕಮಾನಿನ ಒಳಮೈಯಲ್ಲಿ, ಬಾಗಿಲ ಮೇಲೆ ಅಂಗೈಯಗಲ ಜಾಗ ಆರಿಸಿ, ಒಂದೊಂದು ಪದರವನ್ನು ಮೆಟ್ಟಿಲಿನಂತೆ ಬಿಡಿಸಿ ನೋಡಿ. ಅಡಿಯಲ್ಲಿ ಹಳೆ ಅಂಚಿನ ಚಿತ್ತಾರ, ಬರಹ ಇರಬಹುದು. ಅಸಾರ್ ಮಹಲಿನಲ್ಲೂ ವಿಜಯಪುರದ ಹತ್ತಿರದ ಕುಮಟಗಿಯ ನೀರಿನ ಮಂಟಪದಲ್ಲೂ ಗೋಡೆಚಿತ್ರಗಳಿವೆ. ಕುಮಟಗಿಯಲ್ಲಿ ಕುದುರೆ ಏರಿ ಚೆಂಡಾಡುವವರು, ಕುಸ್ತಿ ಹಿಡಿಯುವವರು ಅರ್ಧಂಬರ್ಧ ಅಳಿಸಿ ನಿಂತಿದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಬಣ್ಣದ ಗುರುತು ಕಂಡ ಕೂಡಲೇ ಕೆಲಸ ನಿಲ್ಲಿಸಿ. ಅದನ್ನು ಬಿಡಿಸುವುದು ಗೌಂಡಿಯ ಕೆಲಸ ಅಲ್ಲ, ಚಿತ್ರ ಸಂರಕ್ಷಣೆ ಕಲಿತವರೇ ಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ, ಅವರನ್ನು ಕೇಳಿ.

ಸಾಗವಾನಿ ಬಾಗಿಲು, ತೊಲೆಗಳಿಗೆ ಎನಾಮೆಲ್ ಬಳಿಯಬೇಡಿ. ಒರೆಸಿ, ಕುದಿಸಿದ ಅಗಸೆ ಎಣ್ಣೆ ತೆಳ್ಳಗೆ ತಿಕ್ಕಿ. ನಮ್ಮ ಹೊಲದ ಅಗಸೆ ಚಟ್ನಿಗೂ ಆಗುತ್ತದೆ, ಕಲಾವಿದರ ತೈಲವರ್ಣಕ್ಕೂ ಆಗುತ್ತದೆ, ಬಾಗಿಲಿಗೂ ಆಗುತ್ತದೆ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಗೋಡೆಗೆ ಮೊಳೆ ಬೇಡ

ವೈರಿಂಗ್‌ಗೆ ಗೋಡೆ ಕೊರೆಯಬಾರದು. ಪೈಪು ಮೇಲೆಯೇ ಕಾಣಲಿ, ಹಿಡಿಕೆಗಳನ್ನು ಗಾರೆಯ ಸಂದಿಗೆ ಮಾತ್ರ ಕೂರಿಸಿ, ಕಲ್ಲಿಗೆ ಬೇಡ. ಹಳೆ ವೈರು ಪೂರಾ ತೆಗೆಸಿ. ಹಳೆ ಕಟ್ಟಡಗಳನ್ನು ಸುಡುವುದು ಬಹಳ ಸಲ ಶಾರ್ಟ್ ಸರ್ಕ್ಯೂಟೇ.

ಚಿತ್ರ ತೂಗಲು ಎರಡು ದಾರಿ. ಒಂದು, ಗೋಡೆಯ ಮೇಲ್ಭಾಗಕ್ಕೆ ಉದ್ದಕ್ಕೂ ಒಂದು ಕಂಬಿ ಹಾಕಿ ಅದರಿಂದ ತಂತಿ ಇಳಿಬಿಡುವುದು. ಕಂಬಿಗೆ ಸಂದಿಗಳಲ್ಲಿ ಕೆಲವೇ ಹಿಡಿಕೆ ಸಾಕು, ಆಮೇಲೆ ಎಷ್ಟು ಪ್ರದರ್ಶನ ಆದರೂ ಹೊಸ ತೂತು ಬೀಳುವುದಿಲ್ಲ. ಎರಡನೆಯದು, ತನ್ನ ಕಾಲ ಮೇಲೆ ತಾನೇ ನಿಲ್ಲುವ ಪ್ಲೈವುಡ್ ಪರದೆ, ಗೋಡೆಯಿಂದ ಅರ್ಧ ಅಡಿಯಾದರೂ ದೂರ. ನನಗೆ ಇದೇ ಇಷ್ಟ. ಚಿತ್ರಕ್ಕೆ ಬೇಕಾದ ಬಿಳಿ ಹಿನ್ನೆಲೆಯೂ ಸಿಗುತ್ತದೆ, ಹಿಂದೆ ಕಲ್ಲಿನ ಗೋಡೆಯೂ ತನ್ನಷ್ಟಕ್ಕೆ ಕಾಣುತ್ತದೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಗುಬಟು ಹಚ್ಚಿ, ಗಾಳಿ ಆಡಲಿ. ತೂಕದ ಶಿಲ್ಪಗಳನ್ನು ಮಹಡಿಗೆ ಏರಿಸಬೇಡಿ, ಕೆಳಗೇ ಇರಲಿ.

ಜಾಗ ಸಾಲದಿದ್ದರೆ ಪಕ್ಕದಲ್ಲಿ ಕಟ್ಟಿ. ಬೆಂಗಳೂರಿನ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಶುರುವಾದಾಗ ಹೆಚ್ಚಿನ ಜಾಗಕ್ಕೆ ಹಿಂದೆ ಬೇರೆ ಹೊಸ ಕಟ್ಟಡ ಮಾಡಿದರು, ಬಂಗಲೆ ಬಂಗಲೆಯಾಗಿಯೇ ಉಳಿಯಿತು. ಶೌಚಾಲಯ, ಕ್ಯಾಂಟೀನು, ನೀರಿನ ಟ್ಯಾಂಕು ಯಾವತ್ತೂ ಹೊರಗೇ. ಗಾಲಿಕುರ್ಚಿಗೆ ಇಳಿಜಾರು ಬೇಕೇ ಬೇಕು, ಅದನ್ನೂ ಹಳೆ ಮೆಟ್ಟಿಲು ಒಡೆಯದೆ ಮೇಲೆ ಕೂರಿಸುವ ಕಬ್ಬಿಣದ್ದೋ ಮರದ್ದೋ ಮಾಡಿಸಿ.

ಬೆಳಕು, ತೇವ, ಎಸಿ

ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ಬಯಲಿನ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೆ ಹೋಗುತ್ತದೆ. ಜಲವರ್ಣ, ಕಾಗದ, ಇಳಕಲ್ ಸೀರೆ, ಕೌದಿ ಇಂಥವಕ್ಕೆ 50 ಲಕ್ಸ್ ಸಾಕು, ತೈಲವರ್ಣಕ್ಕೆ 200. ಮೊಬೈಲಿನ ಆ್ಯಪ್‌ನಲ್ಲೇ ಅಂದಾಜು ಅಳತೆ ಸಿಗುತ್ತದೆ. ಕಿಟಕಿ ಮುಚ್ಚಿ ಗೋಡೆ ಕಟ್ಟಬೇಡಿ. ಗಾಜಿಗೆ ಯುವಿ ತಡೆಯುವ ಫಿಲ್ಮ್, ಒಳಗೆ ಖಾದಿ ಪರದೆ ಹಾಕಿ. ಪಡುವಣ ಕಿಟಕಿಯ ಎದುರು ಕಾಗದದ ಕೆಲಸ ಇಡಬೇಡಿ. ಬೆಳಕಿನ ಏಟು ಕೂಡುತ್ತ ಹೋಗುತ್ತದೆ, ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಅದಕ್ಕೆ ಜಲವರ್ಣಗಳನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ.

ಎರಡು ಅಡಿ ದಪ್ಪದ ಕಲ್ಲುಗೋಡೆ ಹಗಲಿನ ಕಾವನ್ನು ತಡೆದು ನಿಧಾನಕ್ಕೆ ಬಿಡುತ್ತದೆ, ಒಳಗೆ ತಾಪಮಾನ ದಿಢೀರ್ ಅಂತ ಏರಿಳಿಯುವುದಿಲ್ಲ. ಚಿತ್ರಗಳಿಗೆ ಬೇಕಾದ್ದೂ ಅದೇ. ಹಗಲು ಎಸಿ ಹಾಕಿ ರಾತ್ರಿ ಆರಿಸಿದರೆ ಈ ಸಮ ಸ್ಥಿತಿ ಕೆಡುತ್ತದೆ, ಕ್ಯಾನ್ವಾಸು ದಿನಾ ಬಿಗಿಯಾಗಿ ಸಡಿಲಾಗಿ ಬಣ್ಣ ಸೀಳುತ್ತದೆ. ದಿನದ ಇಪ್ಪತ್ನಾಲ್ಕು ಗಂಟೆ ನಡೆಸಲು ಆಗದಿದ್ದರೆ ಎಸಿ ಬೇಡವೇ ಬೇಡ. ಹಳೆ ಬೆಳಕಿಂಡಿ, ಗಾಳಿಕಿಂಡಿ ತೆರೆಸಿ ಜಾಲರಿ ಹಾಕಿ, ಪಾರಿವಾಳ ಬಾರದಂತೆ ನೋಡಿಕೊಳ್ಳಿ.

ತೇವ ಅಳೆಯುವ ಸಣ್ಣ ಮೀಟರನ್ನು ಪ್ರತಿ ಕೋಣೆಗೊಂದು ಇಡಿ. 45ರಿಂದ 60 ಶೇಕಡದೊಳಗೆ ನಿಧಾನಕ್ಕೆ ಆಡುತ್ತಿದ್ದರೆ ಚಿಂತೆಯಿಲ್ಲ. 70 ದಾಟಿ ಹಾಗೇ ಉಳಿದರೆ ಬೂಷ್ಟು ಗ್ಯಾರಂಟಿ. ವಿಜಯಪುರ, ಬಾಗಲಕೋಟೆಯಲ್ಲಿ ಬೇಸಿಗೆಯ ಒಣಹವೆಯೇ ತೊಂದರೆ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಚಿತ್ರ ಹಾಕದಿರುವುದೇ ಒಳ್ಳೆಯದು, ಆ ತಿಂಗಳುಗಳನ್ನು ಶಿಲ್ಪ, ಕುಂಬಾರಿಕೆ, ಲೋಹದ ಕೆಲಸಕ್ಕೆ ಬಿಡಿ. ಮಳೆ ಬಡಿಯುವ ಪಡುವಣ ಗೋಡೆಯಂತೂ ಖಾಲಿ ಇರಲಿ.

ಕರಾರಿನಲ್ಲಿ ಬರೆಸಿಕೊಳ್ಳಬೇಕಾದ್ದು

ಇಲಾಖೆ ಜತೆ ಕರಾರು ಮಾಡುವಾಗ ಬಾಡಿಗೆ, ವರ್ಷ ಎಲ್ಲ ಬರೆಯುತ್ತಾರೆ, ನಿರ್ವಹಣೆ ಬಿಟ್ಟುಹೋಗುತ್ತದೆ. ಮಾಳಿಗೆ ಸೋರಿದರೆ ಯಾರು, ಎಷ್ಟು ದಿನದೊಳಗೆ, ಯಾವ ಲೆಕ್ಕದಿಂದ ರಿಪೇರಿ ಮಾಡಬೇಕು ಅಂತ ಸ್ಪಷ್ಟವಾಗಿ ಇರಲಿ. ಪ್ರತಿ ವರ್ಷ ಮೇ ಎರಡನೇ ವಾರ ಮಾಳಿಗೆ ಗುಡಿಸಿ ನೀರಿನ ದಾರಿ ಬಿಡಿಸುವುದು, ಮಳೆ ಶುರುವಾದ ಮೊದಲ ವಾರ ಒಳಗೆ ಒದ್ದೆ ಗುರುತು ನೋಡುವುದು, ಅಕ್ಟೋಬರ್‌ನಲ್ಲಿ ಗಿಲಾವು ತಟ್ಟಿ ನೋಡುವುದು, ಜನವರಿಯಲ್ಲಿ ಗೆದ್ದಲು ಮತ್ತು ವೈರಿಂಗ್ ನೋಡುವುದು, ಇಷ್ಟನ್ನು ಕರಾರಿಗೆ ಲಗತ್ತಿಸಿ. ಗೋಡೆ ಒಡೆಯುವ, ಬಣ್ಣ ಬದಲಿಸುವ, ಟೈಲ್ಸ್ ಹಾಕುವ ಯಾವ ಕೆಲಸವೂ ಲಿಖಿತ ಒಪ್ಪಿಗೆ ಇಲ್ಲದೆ ಎರಡೂ ಕಡೆಯವರು ಮಾಡಬಾರದು ಅಂತ ಒಂದು ಸಾಲು ಸೇರಿಸಿ. ಕಟ್ಟಡಕ್ಕೆ ಒಂದು ದಪ್ಪ ರಿಜಿಸ್ಟರ್ ಇಡಿ. ಯಾವ ದಿನ ಯಾರು ಎಲ್ಲಿ ಏನು ಮಾಡಿದರು, ಯಾವ ಸುಣ್ಣ, ಯಾವ ಉಸುಕು ಬಳಸಿದರು ಅಂತ ಬರೆದು ಸಹಿ ಹಾಕಿಸಿ. ಅದರ ಒಂದು ಪ್ರತಿ ಇಲಾಖೆಯಲ್ಲಿ, ಇನ್ನೊಂದು ಊರಿನ ಗ್ರಂಥಾಲಯದಲ್ಲಿ ಇರಲಿ.